ಬೆಳ್ಳಿ ಕಾಗದದ ಲಕೋಟೆ

ಬೆಳಗಿನ ಐದೂಮುಕ್ಕಾಲು. ಕ್ರೀಡಾಂಗಣದ ಮೆಟ್ಟಿಲುಗಳ ಕೆಳಗಿನ ಕೋಣೆಯಲ್ಲಿ ಒಬ್ಬ ಹೆಂಗಸು ಲಕೋಟೆಯೊಂದನ್ನು ಟ್ಯೂಬ್‌ಲೈಟಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಾರೆ. ಒಳಗಿರುವುದು, ಲಕೋಟೆಯನ್ನು ಪರೀಕ್ಷಿಸಲೆಂದೇ ‘ಹೊಸದು’ ಎಂದು ದಪ್ಪಕ್ಷರದಲ್ಲಿ ಬರೆದ ಚೀಟಿ. ಟ್ಯೂಬ್‌ಲೈಟ್ ಆಯಿತು, ಮೊಬೈಲ್ ಟಾರ್ಚ್ ಆಯಿತು, ಈಗ ಕಿಟಕಿ ತೆರೆದು ಹೊರಗಿನ ಬೆಳಕಿಗೂ ಹಿಡಿಯುತ್ತಾರೆ. ಅಕ್ಷರ ಕಾಣುವುದಿಲ್ಲ. ಲಕೋಟೆ ಪಾಸು. ಒಳಗೆ ಚಾಕೊಲೇಟ್ ಸುತ್ತುವಂಥ ಬೆಳ್ಳಿ ಕಾಗದ ಅಂಟಿಸಿದವರೂ ಇವರೇ.

ಆಟಗಾರರು ಇವರನ್ನು ಕರೆಯುವುದು ಚೀಟಿ ಅಕ್ಕ ಎಂದು. ಪಕ್ಕದ ಕ್ರೀಡಾ ಚಿಕಿತ್ಸಾಲಯದ ಸಂಶೋಧನಾ ವಿಭಾಗದಲ್ಲಿ ಸಹಾಯಕಿ, ವಯಸ್ಸು ಐವತ್ತೆರಡು. ಇಪ್ಪತ್ತಾರು ವರ್ಷದ ಹಿಂದೆ ಉಳುಕಿದ ಕಾಲಿಗೆ ಬ್ಯಾಂಡೇಜ್ ಸುತ್ತಲು ಸೇರಿದವರು. ಈಗ ಅಲ್ಲಿನ ಡಾಕ್ಟರುಗಳು ಸಂಶೋಧನೆಗೆ ಕೈ ಹಾಕುವ ಮೊದಲು ಇವರ ಮೇಜಿನ ಮುಂದೆ ಕೂರುತ್ತಾರೆ. ವರದಿಗಳಲ್ಲಿ ಮಾತ್ರ ಇವರ ಹೆಸರು ಭೂತಗನ್ನಡಿ ಹಿಡಿದರೂ ಸಿಗದು.

“ಇರೋದು ಮೂರು ದಾರಿ,” ಎನ್ನುತ್ತಾರೆ ಬೆರಳಿನ ಅಂಟು ಒರೆಸಿಕೊಳ್ಳುತ್ತ. “ಕೇಳೋದು, ಕಾಯೋದು, ಚೀಟಿ ಎತ್ತೋದು. ಪೆಟ್ಟಾದವರನ್ನೂ ಆಗದವರನ್ನೂ ಕೂರಿಸಿ, ಹಿಂದೆ ಏನೇನು ಮಾಡಿದ್ರಿ ಅಂತ ಕೇಳಬಹುದು. ಎಲ್ಲರೂ ಚೆನ್ನಾಗಿರುವಾಗಲೇ ಬರೆದಿಟ್ಕೊಂಡು, ಯಾರಿಗೆ ಪೆಟ್ಟಾಗುತ್ತೆ ಅಂತ ಕಾಯಬಹುದು. ಎರಡು ಚಿಕಿತ್ಸೇಲಿ ಯಾವುದು ಮೇಲು ಅಂತ ಯಾರಿಗೂ ಗೊತ್ತಿಲ್ದಿದ್ರೆ ಚೀಟಿ ಎತ್ತಿ ಹಂಚಬಹುದು. ಪ್ರಶ್ನೆ ಹೇಳಿ, ದಾರಿ ಹೇಳ್ತೀನಿ.”

ಅಷ್ಟರಲ್ಲಿ ಯುವ ವೈದ್ಯರೊಬ್ಬರು ಬರುತ್ತಾರೆ. ಹಳೆಯ ಶೂ ಹಾಕಿ ಓಡಿದರೆ ಮೊಣಕಾಲು ನೋವು ಹೆಚ್ಚೇ ಎಂಬುದು ಅವರ ಪ್ರಶ್ನೆ. ನೋವಿರುವವರನ್ನು ಕೇಳಿ, ಒಂದೇ ವಾರದಲ್ಲಿ ಮುಗಿಸುವ ಅವಸರ.

“ಮಂಡಿ ನೋಯ್ತಿರೋನು ಶೂ ಮೇಲೆ ಸಿಟ್ಟಾಗಿರ್ತಾನೆ ಸರ್. ಒಂದು ವರ್ಷದ ಶೂಗೆ ಮೂರು ವರ್ಷ ಅಂತಾನೆ. ನೋವಿಲ್ಲದೋನಿಗೆ ಶೂ ತಗೊಂಡಿದ್ದೇ ನೆನಪಿರಲ್ಲ. ಈಗಲೇ ಬರೆದಿಟ್ಟು ಕಾಯಿರಿ.”

“ಹಾಗಾದ್ರೆ ಎಲ್ಲದಕ್ಕೂ ಕಾಯೋದೇ ವಾಸಿ ಅನ್ನಿ.”

“ಹತ್ತು ವರ್ಷಕ್ಕೆ ಮೂರು ಜನಕ್ಕೆ ಆಗೋ ಪೆಟ್ಟಿಗೆ ಕಾಯ್ತಾ ಕೂತ್ರೆ ನಿಮಗೇ ನಿವೃತ್ತಿ ಆಗುತ್ತೆ. ಅಲ್ಲಿ ಕೇಳಲೇಬೇಕು. ಇನ್ನು ತಲೆಗೆ ಪೆಟ್ಟು ಬಿದ್ರೆ ಮರೆವು ಬರುತ್ತಾ ಅನ್ನೋದಕ್ಕೆ ಚೀಟಿ ಎತ್ತಿ ಅರ್ಧ ಜನಕ್ಕೆ ಪೆಟ್ಟು ಹಾಕ್ತೀರಾ?”

ವೈದ್ಯರು ನಗುತ್ತ ಎದ್ದು ಹೋಗುತ್ತಾರೆ. ಚೀಟಿ ಅಕ್ಕ ಫೋನ್ ಎತ್ತಿಕೊಳ್ಳುತ್ತಾರೆ. ದಿನಕ್ಕೆ ನಲವತ್ತು ಕರೆ, ಅಧ್ಯಯನದಲ್ಲಿರುವ ಪ್ರತಿಯೊಬ್ಬ ಆಟಗಾರರಿಗೂ ಅದೇ ಎರಡು ಮಾತು: ವ್ಯಾಯಾಮ ಮಾಡಿದ್ರಾ, ನೋವು ಹೇಗಿದೆ.

ಇವರ ಬಗ್ಗೆ ಬರೆಯಲು ಬಂದಿದ್ದ ನಾನು, ಬೆಳ್ಳಿ ಕಾಗದ ಯಾಕೆ ಎಂದು ಕೇಳಿದೆ. ಕರೆ ಮುಗಿಸಿ ಹೇಳತೊಡಗಿದರು. ಒಂಬತ್ತು ವರ್ಷದ ಹಿಂದೆ, ತೊಡೆಯ ಹಿಂಭಾಗದ ಸ್ನಾಯು ಹರಿದವರಿಗೆ ಹೊಸ ವ್ಯಾಯಾಮವೊಂದನ್ನು ಹಳೆಯದರ ಜೊತೆ ಹೋಲಿಸುವ ಅಧ್ಯಯನ ನಡೆದಿತ್ತು. ಲಕೋಟೆ ಕೊಡುವ ಕೆಲಸ ಇವರದು. ಆಗಿನವು ತೆಳು ಲಕೋಟೆಗಳು.

“ಕುಂಟುತ್ತಾ ಅಳುತ್ತಾ ಬಂದವರನ್ನ ನೋಡಿದ್ರೆ ಕರುಳು ಚುರುಕ್ ಅನ್ನೋದು. ಕಿಟಕಿಗೆ ಹಿಡಿದು ನೋಡಿ, ‘ಹೊಸದು’ ಇರೋ ಲಕೋಟೇನ ಅವರಿಗೆ ಕೊಡ್ತಿದ್ದೆ. ಪುಣ್ಯದ ಕೆಲಸ ಅಂದ್ಕೊಂಡಿದ್ದೆ.”

ಜಾಸ್ತಿ ಪೆಟ್ಟಾದವರೆಲ್ಲ ಹೊಸ ವ್ಯಾಯಾಮದ ಗುಂಪಿಗೇ ಸೇರಿದರು. ಸಹಜವಾಗಿಯೇ ಆ ಗುಂಪು ತಡವಾಗಿ ಚೇತರಿಸಿಕೊಂಡಿತು. ವ್ಯಾಯಾಮದಿಂದ ಪ್ರಯೋಜನವಿಲ್ಲ ಎಂಬ ವರದಿ ಸಿದ್ಧವಾಗುತ್ತಿದ್ದಾಗ ಇವರು ಹಿರಿಯ ಡಾಕ್ಟರ ಮುಂದೆ ನಿಂತು ಎಲ್ಲ ಒಪ್ಪಿಕೊಂಡರು. ಎಂಬತ್ನಾಲ್ಕು ಆಟಗಾರರು, ಎರಡು ವರ್ಷದ ಶ್ರಮ, ಎಲ್ಲ ನೀರುಪಾಲು. ವರದಿ ನಿಂತಿತು, ಆದರೆ ‘ಅದು ಕೆಲಸಕ್ಕೆ ಬಾರದ ವ್ಯಾಯಾಮ’ ಎಂಬ ಮಾತು ಅಷ್ಟರಲ್ಲಾಗಲೇ ಮೈದಾನಗಳಿಗೆ ಹಬ್ಬಿತ್ತು. ಹಿರಿಯ ಡಾಕ್ಟರು ಹದಿನೈದು ದಿನ ಮಾತು ಬಿಟ್ಟರು. ಹದಿನಾರನೇ ದಿನ ಕರೆದು, ಇಣುಕಲಾಗದ ಲಕೋಟೆ ಮಾಡು ಎಂದರು. ಇಣುಕಿದವರಿಗಿಂತ ಚೆನ್ನಾಗಿ ಅದನ್ನು ಬಲ್ಲವರು ಯಾರು?

ಅದೇ ಅಧ್ಯಯನ ಈಗ ಮತ್ತೆ ನಡೆಯುತ್ತಿದೆ. ವರ್ಷಗಟ್ಟಲೆ ಡಾಕ್ಟರುಗಳ ಬೆನ್ನು ಬಿದ್ದು ಮಾಡಿಸುತ್ತಿರುವವರು ಇವರೇ. ಇನ್ನು ಉಳಿದಿರುವುದು ಆರು ಲಕೋಟೆ.

ಏಳು ಗಂಟೆಗೆ ಇವರ ತಂಗಿ ಬರುತ್ತಾರೆ, ಜೊತೆಗೆ ಕುಂಟುತ್ತಿರುವ ಮಗಳು. ಓಟಗಾರ್ತಿ, ಹತ್ತೊಂಬತ್ತು ವರ್ಷ. ಮೂರು ದಿನದ ಹಿಂದೆ ತೊಡೆಯ ಸ್ನಾಯು ಹರಿದಿದೆ, ಆಯ್ಕೆಯ ಓಟಕ್ಕೆ ಇನ್ನು ಒಂಬತ್ತೇ ವಾರ. ಅಧ್ಯಯನಕ್ಕೆ ಸೇರಲು ಹುಡುಗಿಯೇ ಒಪ್ಪಿ ಸಹಿ ಹಾಕಿದ್ದಾಳೆ.

“ಅಕ್ಕ, ಲಕೋಟೆ ಮಾಡೋಳು ನೀನೇ ಅಲ್ವಾ,” ತಂಗಿ ದನಿ ತಗ್ಗಿಸುತ್ತಾರೆ. “ಇವಳಿಗೆ ಹೊಸದು ಬರೋ ಹಾಗೆ ಏನಾದ್ರೂ...”

“ಮಾಡೋಳು ನಾನು. ಚೀಟಿ ತುಂಬೋರು ಬೇರೆ ಊರಿನ ಲೆಕ್ಕದ ಮೇಷ್ಟ್ರು. ನನಗೂ ಕಾಣಬಾರದು ಅಂತಾನೇ ಇಷ್ಟೆಲ್ಲ ಅಂಟಿಸಿರೋದು.”

“ನಿನ್ನ ಮಗಳಾಗಿದ್ರೆ ಹೀಗೆ ಹೇಳ್ತಿದ್ಯಾ?”

“ನನ್ನ ಮಗಳೇ ಅವಳು. ಹೊಸದೇ ಒಳ್ಳೇದು ಅಂತ ನಿನಗ್ಯಾರು ಹೇಳಿದ್ದು? ನನಗೆ ಗೊತ್ತಿದ್ರೆ ಚೀಟಿ ಯಾಕೆ ಎತ್ತಿಸ್ತಿದ್ದೆ?”

ಲಕೋಟೆ ಒಡೆಯುವುದು ನರ್ಸ್. ಚೀಟಿ ಅಕ್ಕ ಆ ಕೋಣೆಯಲ್ಲಿ ಇರುವುದೇ ಇಲ್ಲ. ಹೊರಗೆ ಮೆಟ್ಟಿಲಿನ ಕಂಬಿ ಹಿಡಿದು ನಿಂತಿದ್ದಾರೆ. ಹುಡುಗಿ ಹೊರಬಂದು ಹೇಳುತ್ತಾಳೆ, “ದೊಡ್ಡಮ್ಮ, ಹಳೇದು ಬಂತು.”

“ಸರಿ ಕಂದ. ಒಂದು ದಿನಾನೂ ತಪ್ಪಿಸಬೇಡ. ನಿನಗೆ ಬಂದಿದ್ದು ಯಾವುದು ಅಂತ ನನಗೆ ಗೊತ್ತಾಗೋಯ್ತು, ಇನ್ನು ನಿನಗೆ ಫೋನ್ ನಾನು ಮಾಡಲ್ಲ, ಬೇರೆಯವರು ಮಾಡ್ತಾರೆ.”

ನನಗೆ ಪಿಚ್ಚೆನಿಸಿತು. ಹೊಸದು ಬರಲಿ ಎಂದು ನಾನೂ ಒಳಗೊಳಗೇ ಹಾರೈಸಿದ್ದೆ. ‘ಹೊಸದು’ ಎಂಬ ಪದಕ್ಕೇ ಮರುಳಾಗಿದ್ದೆ, ಅಷ್ಟೆ.

ಹೊರಡುವ ಮುನ್ನ, ನಿಮ್ಮ ಆಸೆ ಏನು ಎಂದು ಕೇಳಿದೆ. ಅವರು ಮುಂದಿನ ಅಧ್ಯಯನದ ಖಾಲಿ ಲಕೋಟೆಯೊಂದಕ್ಕೆ ಅಂಟು ಹಚ್ಚುತ್ತಿದ್ದರು.

“ಆ ವ್ಯಾಯಾಮಕ್ಕೆ ನನ್ನಿಂದ ಕೆಟ್ಟ ಹೆಸರು ಬಂತು. ಅದು ನಿಜವಾಗ್ಲೂ ಕೆಟ್ಟದ್ದೇ ಆಗಿದ್ರೆ ಆಗ್ಲಿ ಬಿಡಿ. ಆದ್ರೆ ಈ ಸಲ ಬರೋ ಹೆಸರು ಅದು ತಾನೇ ಸಂಪಾದಿಸಿದ್ದಾಗಿರ್ಲಿ.”