ಇಂಜೆಕ್ಷನ್ ಕಿತ್ತು ಕಾರ್ಬುರೇಟರ್ ಕೂರಿಸಿದ್ದು

ಸಕಲೇಶಪುರದಲ್ಲಿ ನಲವತ್ತು ವರ್ಷ ಜೀಪ್ ಗ್ಯಾರೇಜ್ ನಡೆಸಿದವನು ನಾನು. ಈಗ ಅದನ್ನು ಮುಚ್ಚಿ ಆಲೂರಿನ ಮನೆಯಲ್ಲಿದ್ದೇನೆ. ಆದರೂ ಯಸಳೂರಿನಿಂದ ಕುಂದೂರಿನವರೆಗೆ ಯಾವ ಜೀಪ್ ಕೆಮ್ಮಿದರೂ ಫೋನ್ ಬರುವುದು ನನಗೇ. ಫೋನನ್ನು ಬಾನೆಟ್ ಹತ್ತಿರ ಹಿಡಿಯಿರಿ ಅನ್ನುತ್ತೇನೆ, ಸದ್ದು ಕೇಳಿ ಯಾವ ಸ್ಕ್ರೂ ಎಷ್ಟು ತಿರುಗಿಸಬೇಕು ಎಂದು ಹೇಳಿಬಿಡುತ್ತೇನೆ. ಜಂಬ ಅನ್ನುವವರು ಅನ್ನಲಿ. ಜಂಬ ಹೌದು, ಸುಳ್ಳಲ್ಲ.

ಇಂಥ ನನ್ನನ್ನು ಹದಿನೈದು ದಿನ ಗೋಳು ಹೊಯ್ದುಕೊಂಡದ್ದು ಒಂದು ಕೆಂಪು ಕಾರು.

ಕಾರು ನನ್ನ ಗೆಳೆಯನದು. ಅವನಿಗೆ ಯಸಳೂರಿನಾಚೆ ಗುಡ್ಡದ ಮೇಲೆ ಎಸ್ಟೇಟ್ ಇದೆ. ಪ್ರೈಮರಿ ಶಾಲೆಯಿಂದ ನಾವು ಜೊತೆ. ಊರು ಬಿಟ್ಟು ಹೋಗುತ್ತಿದ್ದ ಯಾರೋ ವಿದೇಶಿ ಇಂಜಿನಿಯರ್ ಕೈಯಿಂದ ಅವನ ಅಪ್ಪ ಕೊಂಡ ಕಾರು ಅದು. ಎರಡೇ ಸೀಟು, ಮಡಚುವ ಟಾಪು, ಆರು ಸಿಲಿಂಡರು, ಇಬ್ಬರು ಆರಾಮಾಗಿ ಮಲಗಬಹುದಾದಷ್ಟು ಉದ್ದದ ಮೂತಿ. ಇಪ್ಪತ್ತು ವರ್ಷದಿಂದ ಕಾಫಿ ಸ್ಟೋರಿನ ಮೂಲೆಯಲ್ಲಿ ಟಾರ್ಪಾಲು ಹೊದ್ದು ನಿಂತಿತ್ತು. ಗೆಳೆಯ ವಾರಕ್ಕೊಮ್ಮೆ ಒರೆಸುತ್ತಿದ್ದ. ಅವನ ಹೆಂಡತಿ ದಿನಕ್ಕೊಮ್ಮೆ ಬೈಯುತ್ತಿದ್ದರು.

ಹೋದ ವರ್ಷ ಕೊಯ್ಲಿಗೆ ಮುಂಚೆ ಅವರು ಖಡಾಖಂಡಿತವಾಗಿ ಹೇಳಿಬಿಟ್ಟರು. ಸ್ಟೋರಿನಲ್ಲಿ ಮೂಟೆ ಇಡಲು ಜಾಗವಿಲ್ಲ. ಮಂಗಳೂರಿನಲ್ಲಿ ಹಳೇ ಕಾರು ಕೂಡಿಹಾಕುವವರೊಬ್ಬರು ಕೇಳುತ್ತಿದ್ದಾರೆ. ಕೊಯ್ಲು ಶುರುವಾಗುವ ಮುಂಚಿನ ಭಾನುವಾರ ಅವರ ಲಾರಿ ಬರುತ್ತದೆ. ಅಷ್ಟರೊಳಗೆ ಕಾರು ತನ್ನ ಶಕ್ತಿಯಲ್ಲೇ ಸ್ಟೋರಿನಿಂದ ಎಸ್ಟೇಟ್ ಗೇಟಿನವರೆಗೆ ಏರು ಹತ್ತಿದರೆ ಉಳಿಯುತ್ತದೆ, ಇಲ್ಲದಿದ್ದರೆ ಲಾರಿ ಹತ್ತುತ್ತದೆ.

ಗೆಳೆಯ ಆಲೂರಿಗೆ ಓಡಿ ಬಂದ. "ನಮ್ಮಪ್ಪನ್ನೇ ಲಾರಿಗೆ ಹಾಕಿ ಕಳ್ಸಿದಂಗಾಗ್ತದೆ ಕಣೋ," ಅಂದ. ಕಣ್ಣು ಒದ್ದೆಯಾಗಿತ್ತು. ನನಗೆ ಅಳುವ ಗಂಡಸರನ್ನು ಕಂಡರೆ ತಮಾಷೆ ಮಾಡದೆ ಇರಲು ಆಗುವುದಿಲ್ಲ. "ನಿಮ್ಮಪ್ಪ ಇಷ್ಟು ಪೆಟ್ರೋಲ್ ಕುಡೀತಿರ್ಲಿಲ್ಲ ಮಾರಾಯ. ಹದಿನೈದು ದಿನ ಕೊಡು, ಓಡುಸ್ತೀನಿ," ಅಂದೆ. ಯಸಳೂರಿನ ಹೋಟೆಲಿನಲ್ಲೂ ಟೀ ಕುಡಿಯುತ್ತಾ ಹಾಗೇ ಸಾರಿಬಿಟ್ಟೆ.

ಬಾನೆಟ್ ಎತ್ತಿದ ಮೇಲೆ ನನ್ನ ಬಾಯಿಗೆ ನಾನೇ ಬೈದುಕೊಂಡೆ. ಗಾಳಿಗೆ ಪೆಟ್ರೋಲ್ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬುರೇಟರೇ ಅದರಲ್ಲಿಲ್ಲ. ಆ ಕಾಲದಲ್ಲೇ ಇಂಜೆಕ್ಷನ್. ಡಿಕ್ಕಿಯಲ್ಲೊಂದು ಪಂಪು ಜೋರಾಗಿ ಪೆಟ್ರೋಲ್ ನೂಕುತ್ತದೆ, ಮುಂದೊಂದು ಅಳತೆಯ ಡಬ್ಬಿ ಅದನ್ನು ಪಾಲು ಮಾಡುತ್ತದೆ, ಆರು ಸಣ್ಣ ಪೈಪು ಆರು ಸಿಲಿಂಡರಿಗೆ ಚಿಮ್ಮಿಸುತ್ತವೆ. ಪಂಪು ಬಿಸಿಯಾದರೆ ಮುನಿಸು. ಡಬ್ಬಿಯೊಳಗಿನ ರಬ್ಬರು ಪುಡಿಪುಡಿ. ಐದನೆಯ ಪೈಪು ತಾನಾಗಿ ಸೋರುತ್ತದೆ, ಆರನೆಯದು ಬೇಡಿಕೊಂಡರೂ ಬಿಡುವುದಿಲ್ಲ. ಮೂರು ದಿನ ಅದರ ಸೇವೆ ಮಾಡಿದೆ. ಬೇಸರ ಕಳೆಯಲು ಮೊಬೈಲಿನಲ್ಲಿ ಒಂದು ಇಂಜಿನ್ ಸ್ಟಾರ್ಟ್ ಆಗುವ ಸದ್ದು ಹಾಕಿ ಬಾನೆಟ್ಟಿನೊಳಗೆ ಬಚ್ಚಿಟ್ಟೆ. ಗೆಳೆಯ ಬಾಯಿತುಂಬ ರೊಟ್ಟಿ ಇಟ್ಟುಕೊಂಡು ಒಂದೇ ಚಪ್ಪಲಿಯಲ್ಲಿ ಓಡಿ ಬಂದ. ವಿಷಯ ತಿಳಿದು ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಆ ಎರಡು ದಿನ ಕೆಲಸ ಚೆನ್ನಾಗಿ ಸಾಗಿತು.

ಕೊನೆಗೆ ಇಂಜೆಕ್ಷನ್ನನ್ನೇ ಕಿತ್ತು ಹಾಕುವುದೆಂದು ತೀರ್ಮಾನಿಸಿದೆ. ಇದೇ ಇಂಜಿನ್ನಿಗೆ ಬೇರೊಂದು ದೇಶಕ್ಕೆ ಎರಡು ಕಾರ್ಬುರೇಟರ್ ಹಾಕಿ ಮಾರುತ್ತಿದ್ದರಂತೆ. ಅವು ಕೂರುವ ಮ್ಯಾನಿಫೋಲ್ಡ್ ಸಮೇತ ಗೆಳೆಯ ಮುಂಚೆಯೇ ತರಿಸಿಟ್ಟಿದ್ದ. ನನಗೆ ಹೇಳಿರಲಿಲ್ಲ, ಅಷ್ಟೆ.

"ಮೊದ್ಲೇ ಹೇಳೋಕೇನಾಗಿತ್ತು ನಿಂಗೆ?"

"ಅಪ್ಪ ಇಟ್ಟಂಗೇ ಇರ್ಲಿ ಅಂತ ಆಸೆ ಇತ್ತು ಕಣೋ."

ಡಿಕ್ಕಿಯ ಪಂಪು ತೆಗೆದು ಕಡಿಮೆ ಒತ್ತಡದ ಸಣ್ಣ ಪಂಪು ಹಾಕಿದೆ. ಅಳತೆಯ ಡಬ್ಬಿ ಬಿಚ್ಚಿದ ಜಾಗದ ತೂತಿಗೆ ತಗಡಿನ ಮುಚ್ಚಳ ಕತ್ತರಿಸಿ, ಪ್ಯಾಕಿಂಗ್ ಕೊಟ್ಟು ಮುಚ್ಚಿದೆ. ಮುಂದಿನ ಮೂರು ಸಿಲಿಂಡರಿಗೆ ಒಂದು ಕಾರ್ಬುರೇಟರ್, ಹಿಂದಿನ ಮೂರಕ್ಕೆ ಇನ್ನೊಂದು. ಎಂಟನೆಯ ದಿನ ಇಂಜಿನ್ ಹತ್ತಿಕೊಂಡಿತು. ಗೆಳೆಯ ಈ ಸಲ ನಂಬದೆ ಮೊದಲು ನನ್ನ ಜೇಬು ಮುಟ್ಟಿ ನೋಡಿದ, ಮೊಬೈಲ್ ಅಲ್ಲೇ ಇದೆಯೋ ಎಂದು.

ಎರಡು ಕಾರ್ಬುರೇಟರ್ ಇದ್ದರೆ ಎರಡೂ ಒಂದೇ ಸಮ ಗಾಳಿ ಎಳೆಯಬೇಕು. ಒಂದು ಜಾಸ್ತಿ, ಒಂದು ಕಡಿಮೆ ಎಳೆದರೆ ಇಂಜಿನ್ ಕುಂಟುತ್ತದೆ. ಎಲ್ಲರೂ ಒಂದು ರಬ್ಬರ್ ಪೈಪಿನ ತುದಿ ಕಿವಿಗಿಟ್ಟುಕೊಂಡು, ಇನ್ನೊಂದು ತುದಿಯನ್ನು ಒಂದಾದ ಮೇಲೊಂದು ಕಾರ್ಬುರೇಟರ್ ಬಾಯಿಗೆ ಹಿಡಿದು, ಉಸ್ ಎನ್ನುವ ಸದ್ದು ಹೋಲಿಸಿ ನೋಡುತ್ತಾರೆ. ನನ್ನದು ಬೇರೆ ವಿದ್ಯೆ. ಎರಡು ಪೈಪು, ಎರಡು ಕಿವಿ, ಡಾಕ್ಟರರ ಹಾಗೆ. ಎರಡು ಉಸಿರನ್ನೂ ಒಟ್ಟಿಗೇ ಕೇಳಿ, ಎರಡೂ ಸಮ ಆಗುವವರೆಗೆ ಸ್ಕ್ರೂ ತಿರುಗಿಸುವುದು. ಐದು ನಿಮಿಷದ ಕೆಲಸ. ಇಡೀ ತಾಲ್ಲೂಕಿನಲ್ಲಿ ಇದು ನನಗೊಬ್ಬನಿಗೇ ಬರುತ್ತದೆ. ಬೇರೆಯವರಿಗೆ ಬಾರದಂತೆ ನೋಡಿಕೊಂಡವನೂ ನಾನೇ.

ಐದು ನಿಮಿಷದಲ್ಲಿ ಮುಗಿಸಿ "ಹತ್ಸು" ಅಂದೆ. ಕಾರು ಸ್ಟೋರಿನ ಬಾಗಿಲು ದಾಟಿತು, ಏರಿನ ಅರ್ಧಕ್ಕೆ ಹೋಗಿ ನಡುಗಿ, ಉಗಿದು, ನಿಂತಿತು. ತಳ್ಳಿ ವಾಪಸ್ ತಂದೆವು. ಪ್ಲಗ್ ಬಿಚ್ಚಿ ನೋಡಿದರೆ ಹಿಂದಿನ ಮೂರು ಮಸಿ ಹಿಡಿದಿವೆ. ಹಿಂದಿನ ಕಾರ್ಬುರೇಟರ್ ಬಿಚ್ಚಿ ತೊಳೆದೆ, ಮತ್ತೆ ಪೈಪು ಇಟ್ಟು ಸಮ ಮಾಡಿದೆ, ಮತ್ತೆ ಅದೇ ಅರ್ಧ ಏರು. ಮೂರು ದಿನ ಇದೇ ಆಟ. ಪೆಟ್ರೋಲಿಗೆ ಬೈದೆ, ಕಾರ್ಬುರೇಟರ್ ಪಾರ್ಸೆಲ್ ಕಳಿಸಿದವನಿಗೆ ಬೈದೆ. ಬೈಯಲು ಹತ್ತಿರವೇ ಸಿಕ್ಕುತ್ತಿದ್ದುದರಿಂದ ಗೆಳೆಯನಿಗೆ ಜಾಸ್ತಿ ಬೈದೆ.

ಗುರುವಾರ ಅವನ ಹೆಂಡತಿ ನನ್ನನ್ನು ಕೇಳದೆ, ನಾನು ನಿಲ್ಲುತ್ತಿದ್ದ ಕಡೆ ಗೋಡೆಗೆ ಒತ್ತಿ ಖಾಲಿ ಚೀಲದ ಕಟ್ಟುಗಳನ್ನು ಪೇರಿಸಿದರು. ಲಾರಿ ಬರುವುದು ಖಂಡಿತ ಎಂಬಂತೆ ಸ್ಟೋರು ತಯಾರಾಗುತ್ತಿತ್ತು. ನಾನು ಆಚೆ ಬದಿಗೆ ಹೋಗಿ, ಇಂಜಿನ್ ಮೇಲಿಂದ ಬಗ್ಗಿ, ಪೈಪುಗಳನ್ನು ಕಿವಿಗೆ ಸಿಕ್ಕಿಸಿ ಕೆಲಸ ಮಾಡಿದೆ. ಏರಿನಲ್ಲಿ ಮತ್ತೆ ನಿಂತಿತು. ಪ್ಲಗ್ ಬಿಚ್ಚಿದೆ. ಈ ಸಲ ಹಿಂದಿನ ಮೂರು ಚೊಕ್ಕ, ಮುಂದಿನ ಮೂರು ಮಸಿ.

"ಕಾಯ್ಲೆ ಮುಂದಕ್ ಬಂದ್ಬುಟ್ಟೈತೆ," ಅಂದ ಗೆಳೆಯ, ನೆಗಡಿ ಎದೆಗಿಳಿದ ಹಾಗೆ.

"ಕಾಯ್ಲೆ ಇರೋದು ನಿನ್ ಕಾರಿಗಲ್ಲ, ನಿಮ್ ವಂಶಕ್ಕೆ," ಅಂದು ಸ್ಪ್ಯಾನರ್ ಎಸೆದೆ. ಅವನು ಹೋಗಿ ಕಾರಿನ ಹಿಂಭಾಗ ಒರೆಸತೊಡಗಿದ. ಭಾನುವಾರಕ್ಕೆ ಮೂರೇ ದಿನ ಇತ್ತು. ನನಗೆ ಮೊದಲ ಸಲ ಹೆದರಿಕೆಯಾಯಿತು. ನನ್ನ ಮಾತು ನಂಬಿಕೊಂಡು ಕೂತವನ ಕಾರು ಕೈಬಿಟ್ಟು ಹೋಗುತ್ತಿತ್ತು.

ಶುಕ್ರವಾರ ಅವನು ಸಕಲೇಶಪುರಕ್ಕೆ ಹೊಸ ಪ್ಲಗ್ ತರಲು ಹೋಗಿದ್ದಾಗ ಅವನ ಹೆಂಡತಿ ಕಾಫಿ ತಂದು ಬಾನೆಟ್ಟಿನ ಪಕ್ಕ ನಿಂತರು. ಇಂಜಿನ್ ಆಫ್ ಆಗಿತ್ತು. ನಾನು ಸ್ಕ್ರೂ ನೋಡುತ್ತಿದ್ದೆ. ಅವರು ಸುತ್ತು ಹಾಕಿ ನನ್ನ ಬಲಗಡೆಗೆ ಬಂದರು.

"ಮೂರು ಸಲ ಕರ್ದೆ ಅಣ್ಣ. ಆ ಕಡೆಯಿಂದ."

"ಕೆಲ್ಸದ ಗ್ಯಾನದಲ್ಲಿದ್ದೆ ತಾಯಿ."

"ಹಂಗೇನಿಲ್ಲ. ಊಟಕ್ ಕೂತಾಗ್ಲೂ ಹಿಂಗೇ. ಎಡಗಡೆಯಿಂದ ಸಾರು ಬೇಕಾ ಅಂದ್ರೆ ಸುಮ್ನಿರ್ತೀರಾ, ಬಲಗಡೆಯಿಂದ ಅಂದ್ರೆ ತಟ್ಟೆ ಮುಂದಕ್ ತಳ್ತೀರಾ." ಅವರು ಪೈಪುಗಳನ್ನು ಒಂದು ಗಳಿಗೆ ನೋಡಿದರು. "ಮೊನ್ನೆ ಆ ಗೋಡೆ ಕಡೆ ನಿಂತ್ಕಂಡು ಕಿವಿಗಿಟ್ಕಂಡಿದ್ರಿ, ಹಿಂದಿಂದು ಕೆಡ್ತು. ನೆನ್ನೆ ಈ ಕಡೆ ನಿಂತ್ರಿ, ಮುಂದಿಂದು ಕೆಡ್ತು. ಕಾಯ್ಲೆ ತಿರುಗಿದ್ದು ಕಾರಲ್ಲಲ್ಲ. ನಿಮ್ ಜೊತೆ ತಿರುಗ್ತು."

ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನ ಸದ್ದು ಕೇಳಿಯೇ ಹಣ್ಣು ಸರಿಯಾಗಿ ಬೀಳುತ್ತಿದೆಯೋ ಇಲ್ಲವೋ ಎಂದು ಅಡಿಗೆಮನೆಯಿಂದ ಹೇಳುವ ಹೆಂಗಸು ಅವರು. ಅವರು ಹೇಳಿದ್ದು ನಿಜ. ಎಡಗಿವಿಗೆ ಉಸ್ ಎನ್ನುವುದು ಸಣ್ಣದಾಗಿ ಕೇಳುತ್ತದೆ, ಸಮ ಆಗಲಿ ಎಂದು ನಾನು ಆ ಕಡೆಯ ಕಾರ್ಬುರೇಟರನ್ನು ಜಾಸ್ತಿ ತೆರೆಯುತ್ತೇನೆ, ಇನ್ನೊಂದು ಗಾಳಿ ಸಾಲದೆ ಮಸಿ ಹಿಡಿಯುತ್ತದೆ. ಅಷ್ಟೇ ವಿಷಯ. ಎಡಗಿವಿ ಮಂದವಾಗಿದೆ ಎಂದು ನನಗೆ ಎರಡು ವರ್ಷದಿಂದ ಅನುಮಾನವಿತ್ತು. ಫೋನನ್ನು ಬಲಗಿವಿಗೇ ಹಿಡಿಯುತ್ತಿದ್ದೆ, ಬೇರೆ ಯೋಚನೆ ಮಾಡಿರಲಿಲ್ಲ. ಮಾಡಲು ಇಷ್ಟವಿರಲಿಲ್ಲ.

"ಅವನಿಗೆ ಹೇಳ್ಬೇಡಿ ತಾಯಿ," ಅಂದೆ. "ಹೋಟ್ಲಿಗೆ ಗೊತ್ತಾಗ್ಬುಟ್ರೆ ನಾನು ಈ ರಸ್ತೇಲಿ ಓಡಾಡಂಗಿಲ್ಲ."

"ಹೇಳಲ್ಲ ಬುಡಿ. ಕಾಫಿ ಆರೋಯ್ತು."

ಅವರು ಹೋದ ಮೇಲೆ ಒಂದು ಪೈಪನ್ನು ಬಿಸಾಡಿ, ಇನ್ನೊಂದನ್ನು ಬಲಗಿವಿಗೆ ಇಟ್ಟುಕೊಂಡೆ. ಎಲ್ಲ ಸಾಮಾನ್ಯ ಮೆಕ್ಯಾನಿಕ್ಕುಗಳ ಹಾಗೆ ಮುಂದಿನದು, ಹಿಂದಿನದು, ಮತ್ತೆ ಮುಂದಿನದು ಎಂದು ಒಂದೊಂದಾಗಿ ಕೇಳಿದೆ. ಮುಕ್ಕಾಲು ಗಂಟೆ ಹಿಡಿಯಿತು. ಇಂಜಿನ್ ಒಂದೇ ದನಿಗೆ ಬಂತು.

ಗೆಳೆಯ ಹೊಸ ಪ್ಲಗ್ ಹಾಕಿಸಿಕೊಂಡು ಕಾರು ಹತ್ತಿದ. ಅರ್ಧ ಏರು ದಾಟಿತು, ತಿರುವು ದಾಟಿತು. ನಾನು ಕೆಳಗೆ ಬಲಗಿವಿಯನ್ನು ಏರಿನ ಕಡೆ ಕೊಟ್ಟು ನಿಂತಿದ್ದೆ. ಗೇಟಿನ ಹತ್ತಿರದಿಂದ ಹಾರ್ನ್ ಕೇಳಿಸಿತು. ಅದು ಎರಡು ಕಿವಿಗೂ ಕೇಳಿಸಿತು.

"ಹೊಸ ಪ್ಲಗ್ಗಿಂದೇ ಕೆಲ್ಸ ಆಗಿದ್ದು ನೋಡು," ಅಂದ ವಾಪಸ್ ಬಂದು. ನಾನು ಜನ್ಮದಲ್ಲಿ ಮೊದಲ ಸಲ ನನ್ನ ಕೆಲಸದ ಹೊಗಳಿಕೆಯನ್ನು ಇನ್ನೊಂದಕ್ಕೆ ಬಿಟ್ಟುಕೊಟ್ಟೆ.

ಲಾರಿಗೆ ಬರಬೇಡಿ ಎಂದು ಫೋನ್ ಹೋಯಿತು. ಫೋನ್ ಮಾಡಿದವರು ಅವನ ಹೆಂಡತಿಯೇ. ಆಮೇಲೆ ನನ್ನ ಕಡೆ ತಿರುಗಿ, "ಕಾರು ಉಳೀತು, ಸಂತೋಷ. ಸ್ಟೋರಲ್ಲೇ ಉಳೀತದೆ ಅಂತ ನಾನೇನು ಹೇಳಿರ್ಲಿಲ್ಲ," ಅಂದು, ಎಡಗಿವಿಯ ಓಲೆ ಸರಿಮಾಡಿಕೊಂಡರು. ಬರೀ ಎಡಗಿವಿಯದು.

"ನನ್ ಶೆಡ್ಡೈತಲ್ಲ ಆಲೂರಲ್ಲಿ, ಅಲ್ಲಿಟ್ರಾಯ್ತು," ಅಂದಿತು ನನ್ನ ಬಾಯಿ. ಗೆಳೆಯ ನನ್ನನ್ನು ತಬ್ಬಿಕೊಂಡ.

ಹೀಗಾಗಿ ಈಗ ನನ್ನ ಜೀಪ್ ಹಲಸಿನ ಮರದ ಕೆಳಗೆ ಹಕ್ಕಿ ಹಿಕ್ಕೆ ಹಾಕಿಸಿಕೊಂಡು ನಿಂತಿದೆ. ಶೆಡ್ಡಿನಲ್ಲಿ ಕೆಂಪು ಕಾರು. ಗೆಳೆಯ ವಾರಕ್ಕೆ ಮೂರು ದಿನ ಯಸಳೂರಿನಿಂದ ಬರುತ್ತಾನೆ, ಒರೆಸುತ್ತಾನೆ, ನನ್ನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಕೆ. ಹೊಸಕೋಟೆಯವರೆಗೆ ಹೋಗಿ ಬರುತ್ತಾನೆ. ಸ್ಟೀರಿಂಗ್ ಬಲಗಡೆ, ನಾನು ಎಡಗಡೆ. ಅವನ ಮಾತೆಲ್ಲ ನೇರ ನನ್ನ ಒಳ್ಳೇ ಕಿವಿಗೇ ಬೀಳುತ್ತದೆ. ಈಗ ಅವನಿಗೂ ಸದ್ದು ಕೇಳಿ ಕಾಯಿಲೆ ಹೇಳುವ ವಿದ್ಯೆ ಬಂದುಬಿಟ್ಟಿದೆ.

"ಹಿಂದಿಂದು ಸ್ವಲ್ಪ ಜಾಸ್ತಿ ಎಳೀತೈತೆ ಅನ್ಸಲ್ವೇನೋ ನಿಂಗೆ?"

"ಇಲ್ಲ."

"ಸರಿಯಾಗ್ ಕೇಳ್ಸ್ಕೋ ಮಾರಾಯ."

ಪ್ರತಿ ಸಲವೂ ಬಾನೆಟ್ ಎತ್ತಿಸುತ್ತಾನೆ. ಪ್ರತಿ ಸಲವೂ ಎರಡೂ ಸಮವಾಗಿಯೇ ಇರುತ್ತವೆ.