ಶ್ರೀಶೈಲಪ್ಪನವರ ಹತ್ತು ನಿಮಿಷದ ರೊಟ್ಟಿ

ಮನಗೂಳಿಯ ನಮ್ಮ ಓಣಿಗೆ ಮಿಕ್ಸರ್ ಬರಲಿ, ಫ್ರಿಜ್ ಬರಲಿ, ಅದು ಮೊದಲು ಶ್ರೀಶೈಲಪ್ಪನವರ ಟೆಸ್ಟರಿಗೆ ಮೈಯೊಡ್ಡಿಯೇ ಪ್ಲಗ್ಗಿಗೆ ಹೋಗಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳ ಎಂದು ತಿರುಗಿ ಮೂವತ್ನಾಲ್ಕು ವರ್ಷ ಕಂಬ ಹತ್ತಿದ ಲೈನ್‌ಮನ್ ಅವರು. ನಿವೃತ್ತಿಯಾಗಿ ಆರು ವರ್ಷವಾದರೂ ಟೆಸ್ಟರ್ ಅಂಗಿಯ ಜೇಬು ಬಿಟ್ಟಿಲ್ಲ. ಮದುವೆಗೆ ಹೋದರೂ ಪೆನ್ನಿನ ಪಕ್ಕದಲ್ಲಿ ಅದು ಇಣುಕುತ್ತಿರುತ್ತದೆ. ತಂತಿಗೆ ಕೊಕ್ಕೆ ಹಾಕಿ ಕರೆಂಟು ಕದಿಯುವವರನ್ನು ಹಿಡಿದು ಹಿಡಿದು, ಸುಮ್ಮನೆ ನಿಂತ ಯಾವುದೇ ವಸ್ತು ಏನನ್ನೋ ಬಚ್ಚಿಟ್ಟುಕೊಂಡೇ ನಿಂತಿದೆ ಎಂಬುದು ಅವರ ಖಚಿತ ನಂಬಿಕೆ. ಸರ್ವಿಸಿನಲ್ಲಿದ್ದಾಗ ಯಾರ ಮನೆಯ ಟಿ.ವಿ. ಸುಟ್ಟರೂ, ಮೋಟರು ಹೊಗೆಯಾಡಿದರೂ ದೂರಿನ ಪುಸ್ತಕದಲ್ಲಿ ಅವರು ದುಂಡಗೆ ಬರೆಯುತ್ತಿದ್ದದ್ದು ಎರಡೇ ಶಬ್ದ: ಗ್ರಾಹಕರ ತಪ್ಪು.

ಇಂಥವರ ಮನೆಗೆ, ಅವರು ದೇವರ ಹಿಪ್ಪರಗಿಗೆ ಹೋದ ದಿನ ನೋಡಿ, ಒಂದು ಮೈಕ್ರೋವೇವ್ ಬಂದು ಕೂತುಬಿಟ್ಟಿತು. ತಂದವರು ಸೊಸೆ ಭಾಗ್ಯಜ್ಯೋತಿ, ಬಾಗೇವಾಡಿಯಲ್ಲಿ ಶಾಲಾ ಶಿಕ್ಷಕಿ. ಅತ್ತೆ ಚನ್ನವ್ವನವರಿಗೆ ಕಣ್ಣಿನ ಪೊರೆ ತೆಗೆದಿದ್ದರು; ಒಲೆಯ ಹತ್ತಿರ ಹೋಗಬೇಡಿ ಎಂದು ಡಾಕ್ಟರು ಹೇಳಿದ್ದರು. ಸೊಸೆ ಎಂಟರ ಬಸ್ಸು ಹಿಡಿದರೆ ಆಮೇಲೆ ಅತ್ತೆಯ ಜೊತೆ ಮನೆಯಲ್ಲಿ ಉಳಿಯುವವರು ಶ್ರೀಶೈಲಪ್ಪನವರೊಬ್ಬರೇ. ಅವರಿಗೆ ಹನ್ನೊಂದು ಕೆವಿ ಲೈನು ರಿಪೇರಿ ಮಾಡಲು ಬರುತ್ತಿತ್ತೇ ಹೊರತು ಗ್ಯಾಸ್ ಹಚ್ಚಲು ಬರುತ್ತಿರಲಿಲ್ಲ. ಹೀಗಾಗಿ ಚನ್ನವ್ವನವರು ಆರಿದ ಪಲ್ಯ, ಆರಿದ ಸಾರು ಉಣ್ಣುತ್ತಿದ್ದರು.

ಆ ಮೈಕ್ರೋವೇವ್ ಡಬ್ಬಿ ಬಂದ ಮೂರನೆಯ ದಿನಕ್ಕೆ ಚನ್ನವ್ವನವರು ಪಾಠ ಕಲಿತರು. ಸ್ಟೀಲ್ ಪಾತ್ರೆ ಇಡಬಾರದು, ಗಾಜಿನ ಬಟ್ಟಲೇ ಆಗಬೇಕು. ರೊಟ್ಟಿಗೆ ನೀರು ಚಿಮುಕಿಸಬೇಕು, ಇಪ್ಪತ್ತು ಸೆಕೆಂಡು ಸಾಕು. ನಲವತ್ತು ವರ್ಷ ಎಲ್ಲರದೂ ಮುಗಿದ ಮೇಲೆ ಉಂಡವರು ಈಗ ಹಸಿವಾದ ಹೊತ್ತಿಗೆ ತಾವೇ ಗುಂಡಿ ಒತ್ತಿ ಬಿಸಿ ಬಿಸಿ ಉಣ್ಣತೊಡಗಿದರು.

"ಈ ಡಬ್ಬಿ ಇನ್ನ ಮ್ಯಾಲ ನಂದು," ಎಂದರು ಸೊಸೆಗೆ.

ಶ್ರೀಶೈಲಪ್ಪನವರ ಕಿವಿಗೆ ಅದು ಬಿತ್ತು. ಹದಿನೈದು ದಿನದೊಳಗೆ ದೋಷ ಕಂಡರೆ ಅಂಗಡಿಯವರು ವಾಪಸು ತೆಗೆದುಕೊಳ್ಳುತ್ತಾರೆ ಎಂಬ ಚೀಟಿಯೂ ಕಣ್ಣಿಗೆ ಬಿತ್ತು. ತನಿಖೆ ಶುರುವಾಯಿತು.

ಮೊದಲು ಟೆಸ್ಟರ್ ಹಚ್ಚಿದರು. ದೀಪ ಹತ್ತಲಿಲ್ಲ.

"ಹತ್ತಲಿಲ್ಲ ಅಂದ್ರ ಕಳ್ಳ ಪಳಗಿದಾವ ಅಂತ ಅರ್ಥ," ಎಂದರು, ಪಕ್ಕದ ಮನೆಯ ರಾವಸಾಬನಿಗೆ. ರಾವಸಾಬ ಗಿರಣಿ ನಡೆಸುವವನು. ಹಿಟ್ಟಿನ ಬಿಳಿ ಮೈಯಲ್ಲೇ ಬಂದು ಇಂಥ ತಮಾಷೆ ನೋಡಲು ಅವನಿಗೆ ಯಾವತ್ತೂ ಪುರಸೊತ್ತು ಇರುತ್ತದೆ.

ಆಮೇಲೆ ಡಬ್ಬಿಯೊಳಗಿನ ತಟ್ಟೆ ತಿರುಗುತ್ತಿರುವಾಗಲೇ ಬಾಗಿಲು ತೆಗೆದರು. ತಟ್ಟನೆ ನಿಂತಿತು.

"ಬಾಗಲಾ ತಗದ್ರ ತಾನ ಬಂದ್ ಆಕ್ಕೈತ್ರಿ ಮಾವಾರ. ಹೊರಗೇನೂ ಬರೂದಿಲ್ಲ," ಎಂದರು ಭಾಗ್ಯಜ್ಯೋತಿ.

"ಒಲಿ ಆರಿಸಿದ್ರೂ ಕಾವು ಇರ್ತೈತಿಲ್ಲ? ಹಂಗ ಕಿರಣ ಒಳಗ ಅಡಗಿ ಕುಂತಿರ್ತಾವ. ಕಾಲ್ ತಾಸು ಹೊರಗಿಟ್ಟು ಉಣ್ರಿ."

ಕಾಲು ತಾಸು ಹೊರಗಿಟ್ಟ ಪಲ್ಯ ಮತ್ತೆ ಆರಿತು. ಚನ್ನವ್ವನವರು ಅದನ್ನು ಮತ್ತೆ ಒಳಗಿಟ್ಟರು.

ಮೂರನೆಯ ಪರೀಕ್ಷೆ ಮೊಬೈಲಿನದು. ಡಬ್ಬಿ ಹಚ್ಚದೆ, ತಮ್ಮ ಮೊಬೈಲನ್ನು ಒಳಗಿಟ್ಟು ಬಾಗಿಲು ಮುಚ್ಚಿ, ರಾವಸಾಬನ ಕೈಯಿಂದ ಫೋನು ಹಚ್ಚಿಸಿದರು. ಒಳಗೆ ಅದು ಹೊಡೆದುಕೊಂಡಿತು.

"ಕೇಳಿದ್ಯೋ? ಒಳಗ ಹೋಗೂವಂಥಾದ್ದು ಹೊರಗೂ ಬರ್ತೈತಿ. ಈಗ ಆಕಿ ಆಪರೇಶನ್ ಮಾಡಿಸಿದ ಕಣ್ಣು ಅದರ ಮುಂದ ಹಿಡಕೊಂಡು ನಿಂದರ್ತಾಳ, ಟಿ.ವಿ. ನೋಡಿದಂಗ."

"ಡಾಕ್ಟರನ್ನ ಕೇಳೇನಿ," ಎಂದರು ಚನ್ನವ್ವನವರು ಕಪ್ಪು ಕನ್ನಡಕದೊಳಗಿಂದ. "ಡಬ್ಬಿ ನೆಟ್ಟಗಿದ್ರ ಏನೂ ಆಗೂದಿಲ್ಲ ಅಂದಾರ. ಆ ಮೊಬೈಲ್ ಹೊರಗ ತಗೀರಿ, ನಾ ನೋಡದ ಹಚ್ಚಿಗಿಚ್ಚೇನು."

ರಾವಸಾಬ ಕೆಮ್ಮಿದ. ನಗೆಗೂ ಅವನು ಹಿಟ್ಟಿನ ನೆಪ ಹೇಳಿ ಕೆಮ್ಮುವುದು ರೂಢಿ.

ಉಳಿದದ್ದು ಎರಡು ದಿನ. ಶ್ರೀಶೈಲಪ್ಪನವರು ಕೊನೆಯ ಪರೀಕ್ಷೆಗೆ ಇಳಿದರು. ಅಟ್ಟದ ಬುಟ್ಟಿಯಿಂದ ಎಂಟು ದಿನದ ಕಡಕ್ ರೊಟ್ಟಿಯೊಂದನ್ನು ತೆಗೆದರು. ಅವರ ತರ್ಕ ಕೇಳಿ: ಜೋಳದ ರೊಟ್ಟಿ ಮೊದಲೇ ಹಂಚಿನ ಮೇಲೆ ಬೆಂದದ್ದು, ಆಮೇಲೆ ಕೆಂಡದ ಪಕ್ಕ ನಿಂತು ಒಣಗಿದ್ದು. ಬೆಂಕಿಯ ಜೊತೆ ಇಷ್ಟು ಸಂಸಾರ ಮಾಡಿದ ರೊಟ್ಟಿಗೆ ಬರೀ ಬಿಸಿಯಿಂದ ಏನೂ ಆಗಕೂಡದು. ಏನಾದರೂ ಆಯಿತೋ, ತಪ್ಪು ಡಬ್ಬಿಯದೇ. ನೀರು ಗೀರು ಚಿಮುಕಿಸಲಿಲ್ಲ. ಹತ್ತು ನಿಮಿಷ ಇಟ್ಟು, ರಾವಸಾಬನನ್ನು ಸಾಕ್ಷಿಗೆ ನಿಲ್ಲಿಸಿಕೊಂಡು ಗುಂಡಿ ಒತ್ತಿದರು.

ಎರಡು ನಿಮಿಷ ಏನೂ ಇಲ್ಲ. ಮೂರಕ್ಕೆ ಸುಟ್ಟ ವಾಸನೆ. ನಾಲ್ಕಕ್ಕೆ ರೊಟ್ಟಿಯ ನಟ್ಟನಡುವೆ ಕಪ್ಪು ಚುಕ್ಕೆ, ಹೊಗೆ, ಅದರ ಹಿಂದೆ ಒಂದು ಪುಟ್ಟ ಉರಿ.

ಮೂವತ್ನಾಲ್ಕು ವರ್ಷ ಕರೆಂಟಿನ ಬೆಂಕಿಗೆ ನೀರು ಹಾಕಬೇಡಿ ಎಂದು ಊರಿಗೆಲ್ಲ ಹೇಳಿದವರು ತುಂಬಿದ ಕೊಡ ಎತ್ತಿದರು. ಇನ್ನೊಂದು ಕೈ ಬಾಗಿಲಿನ ಹಿಡಿಗೆ ಹೋಯಿತು.

"ಬಾಗಲಾ ತಗೀಬ್ಯಾಡ್ರಿ," ಎಂದರು ಹಿಂದಿನಿಂದ ಚನ್ನವ್ವನವರು, ಸೊಸೆ ಕಲಿಸಿದ ಮಗ್ಗಿ ಒಪ್ಪಿಸಿದಂತೆ. "ಗಾಳಿ ಸಿಕ್ರ ಉರಿ ಏಳತೈತಿ. ಕೊಡಾ ಕೆಳಗಿಡ್ರಿ. ಬಂದ್ ಮಾಡಿ ಪ್ಲಗ್ ಕೀಳ್ರಿ."

ಕರೆಂಟಿನ ವಿಷಯದಲ್ಲಿ ಶ್ರೀಶೈಲಪ್ಪನವರು ಹೆಂಡತಿಯ ಮಾತು ಕೇಳಿದ್ದು ಅದೇ ಮೊದಲು. ಪ್ಲಗ್ ಬಂತು. ಮುಚ್ಚಿದ ಬಾಗಿಲೊಳಗೆ ಉರಿ ತಾನೇ ಕುಗ್ಗಿ ಸತ್ತಿತು.

ಶಾಲೆ ಮುಗಿಸಿ ಸೊಸೆ ಬಂದಾಗ ಅವರು ಹೇಳಿದ್ದು ಇಷ್ಟೇ: "ರೊಟ್ಟಿ ಬಿಸಿ ಮಾಡಾಕ ಇಟ್ಟಿದ್ದೆ. ತಾನ ಹೊತ್ಗೊಂತು. ವಾಪಸ್ ಕಳಸು."

ಚನ್ನವ್ವನವರು ಗಂಡನ ಮುಖ ನೋಡಿದರು. ಡಬ್ಬಿಯ ಮೇಲೆ ಒಂದು ಬಟ್ಟೆ ಹೊದಿಸಿದರು.

ಮರುದಿನ ರವಿವಾರ. ಅಂಗಡಿಯಿಂದ ಮೆಕ್ಯಾನಿಕ್ ಮಹಮ್ಮದಹನೀಫ ಬಂದ. ಬಾಗಿಲು, ಅದರ ಅಂಚು, ಒಳಗಿನ ತಗಡು ಎಲ್ಲ ಒರೆಸಿ ನೋಡಿದ. ಒಂದು ಕಪ್ ನೀರಿಟ್ಟು ಹಚ್ಚಿದ. ನೀರು ಬಿಸಿಯಾಯಿತು.

"ಡಬ್ಬಿ ನೆಟ್ಟಗೈತ್ರಿ. ಆದ್ರೂ ಬೆಂಕಿ ಹತ್ತೇತಿ ಅಂದ್ರ ಕಾರಣಾ ಬರೀಬೇಕು. ತಾನ ಹತ್ತಿದ್ರ ವಾಪಸ್ ಒಯ್ತೇನಿ. ಎಷ್ಟೊತ್ತು ಇಟ್ಟಿದ್ರಿ ಕಾಕಾ?"

ರಾವಸಾಬ ಬಾಗಿಲಲ್ಲಿ ಕೆಮ್ಮುವುದನ್ನೂ ಮರೆತು ನಿಂತಿದ್ದ. ಚನ್ನವ್ವನವರು ಡಬ್ಬಿಯ ಮೇಲಿನ ಬಟ್ಟೆಯನ್ನು ಮಡಚಿ ಕೈಯಲ್ಲಿ ಹಿಡಿದಿದ್ದರು, ಹೊರಡುವವರಿಗೆ ಕೊಡಲೆಂಬಂತೆ. ಶ್ರೀಶೈಲಪ್ಪನವರು ಆ ಬಟ್ಟೆ ನೋಡಿದರು. ಜೇಬಿನ ಟೆಸ್ಟರ್ ಒಮ್ಮೆ ಮುಟ್ಟಿಕೊಂಡರು.

"ಹತ್ತು ನಿಮಿಷ," ಎಂದರು. "ಒಣಾ ರೊಟ್ಟಿ. ನೀರು ಹಚ್ಚಿರಲಿಲ್ಲ."

"ಹತ್ತು ನಿಮಿಷ?" ಹನೀಫ ಪೆನ್ನು ಎತ್ತಿದವನು ಅಲ್ಲೇ ನಿಂತ. "ರೊಟ್ಟಿ ಸುಡಾಕ ಇಟ್ಟಿದ್ರೋ, ಡಬ್ಬಿ ಸುಡಾಕೋ?"

"ಆ ಹಾಳಿ ಇಲ್ಲಿ ಕೊಡು. ನಾ ಬರೀತೇನಿ."

ಕಾರಣದ ಅಂಕಣದಲ್ಲಿ ಹಳೆಯ ದುಂಡು ಅಕ್ಷರದಲ್ಲಿ ಅವರು ಎರಡು ಶಬ್ದ ಬರೆದರು. ಅಷ್ಟು ರೂಢಿಯಾದ ಶಬ್ದಗಳು. ಕೆಳಗೆ ಗ್ರಾಹಕರ ಸಹಿ ಎಂದಿದ್ದ ಕಡೆ ತಮ್ಮ ಹೆಸರು ಬರೆಯುವಾಗ ಮಾತ್ರ ಪೆನ್ನು ಒಂದು ಕ್ಷಣ ತಡೆಯಿತು.

ಡಬ್ಬಿ ಉಳಿಯಿತು. ಈಗ ಚನ್ನವ್ವನವರು ರೊಟ್ಟಿಗೆ ನೀರು ಚಿಮುಕಿಸಿ ಇಪ್ಪತ್ತು ಸೆಕೆಂಡು ಒತ್ತಿದಾಗಲೆಲ್ಲ ಶ್ರೀಶೈಲಪ್ಪನವರು ಸ್ವಿಚ್ಚಿನ ಮೇಲೆ ಬೆರಳಿಟ್ಟು ಕಾವಲು ನಿಲ್ಲುತ್ತಾರೆ. ಮೊನ್ನೆ ತಮ್ಮ ಸ್ಟೀಲ್ ತಾಟನ್ನೂ ಮೆಲ್ಲಗೆ ಮುಂದೆ ಚಾಚಿದರಂತೆ. ಚನ್ನವ್ವನವರು ಅದರೊಳಗಿನ ರೊಟ್ಟಿಯನ್ನು ಗಾಜಿನ ತಟ್ಟೆಗೆ ಹಾಕಿಕೊಂಡು, ಖಾಲಿ ತಾಟನ್ನು ಅವರ ಕೈಗೇ ವಾಪಸು ಕೊಟ್ಟರು.