ನನ್ನ ಭೂತಕ್ಕೆ ಮಾತು ಬರುತ್ತಿರಲಿಲ್ಲ

ನಿಮಗೆ ಮಾತ್ರ ಒಂದು ಗುಟ್ಟು ಹೇಳುತ್ತೇನೆ. ನನ್ನ ವಿಡಿಯೋ ಚಾನೆಲ್ಲಿನ ಭೂತಗಳೆಲ್ಲ ಮಧ್ಯಾಹ್ನದ ಭೂತಗಳು. ಕುಮಟಾದ ನಮ್ಮ ಮನೆಯ ಕಿಟಕಿಗೆ ಕಂಬಳಿ ಕಟ್ಟಿ, ಗಲ್ಲದ ಕೆಳಗೆ ಟಾರ್ಚ್ ಹಿಡಿದು, 'ಈಗ ರಾತ್ರಿ ಎರಡು ಗಂಟೆ' ಎಂದು ಪಿಸುಗುಡುವಾಗ ಹೊರಗೆ ಬಿಸಿಲು ಸುಡುತ್ತಿರುತ್ತದೆ. ಒಮ್ಮೆ ಸರಿಯಾಗಿ ಅದೇ ಹೊತ್ತಿಗೆ ಅಮ್ಮ ಅಂಗಳದಿಂದ "ಬಂಗಡೆ ಮೀನು ಬಂತು, ಪಾತ್ರೆ ತಾರೋ!" ಎಂದು ಕೂಗಿದಳು. ಇಡೀ ವಿಡಿಯೋದಲ್ಲಿ ಮೈ ಜುಂ ಅಂದದ್ದು ಆ ದನಿಗೇ ಎಂದು ಕಾಮೆಂಟುಗಳು ಬಂದವು.

ಇಂಥ ನನಗೆ ಹೊನ್ನಾವರದ ಪ್ರಕಾಶಕರೊಬ್ಬರು ಪುಸ್ತಕ ಬರೆಯಲು ಹೇಳಿದರು. ವಿಡಿಯೋ ಮಾಡುವವರೆಲ್ಲ ದೆವ್ವದ ಕತೆಗಾರರಾಗುತ್ತಿರುವ ಕಾಲ ಇದು, ದೆವ್ವಗಳಿಗೆ ಸುಗ್ಗಿ. ಅವರದು ಒಂದೇ ಷರತ್ತು: "ಮ್ಯೂಸಿಕ್ ಇಲ್ದೆ ಒಬ್ರನ್ನಾದ್ರೂ ಹೆದ್ರಿಸಿ ತೋರ್ಸಿ. ಆಮೇಲೆ ಅಚ್ಚು."

ಅಲ್ಲೇ ಸಿಕ್ಕಿಬಿದ್ದೆ. ಜನ ಇಷ್ಟು ದಿನ ಹೆದರಿದ್ದು ನನಗಲ್ಲ, 'ಢಂ' ಎಂಬ ಸದ್ದಿಗೆ. ಕಾಗದದ ಮೇಲೆ 'ಢಂ' ಎಂದು ಬರೆದರೆ ತೆಂಗಿನಕಾಯಿ ಬಿದ್ದಂತಿರುತ್ತದೆ. ನವರಸಗಳಲ್ಲಿ ಭಯಾನಕವೂ ಒಂದು ಎಂದು ಎಲ್ಲೋ ಓದಿದ್ದೆ. ಇಯರ್‌ಫೋನ್ ಇಲ್ಲದೆ ಅದನ್ನು ಹುಟ್ಟಿಸುವ ಬಗೆ ಮಾತ್ರ ಅಲ್ಲಿರಲಿಲ್ಲ.

ಬರೆದದ್ದನ್ನು ಹಿಡಿದು ಹೊಳೆದಂಡೆಯ ಅಘನಾಶಿನಿ ಊರಿಗೆ, ಅಮ್ಮನ ತಂಗಿ ನಾಗಿ ಚಿಕ್ಕಿಯ ಮನೆಗೆ ಹೋದೆ. ನನ್ನ ಕತೆಗಳೆಲ್ಲ ಅವಳ ಬಾಯಿಂದ ಕದ್ದವೇ. ನೀರಿಳಿದಾಗ ಹೊಳೆಗಿಳಿದು ಬಳಚು ಎಂಬ ಚಿಪ್ಪುಮೀನು ಹೆಕ್ಕುವ ಗಟ್ಟಿಗಿತ್ತಿ. ಹೆದರಿಸಿದರೆ ಇವಳನ್ನೇ ಹೆದರಿಸಬೇಕು. ಅಂಗಳದಲ್ಲಿ ಬಳಚಿನ ಚಿಪ್ಪು ಬಿಡಿಸುತ್ತಿದ್ದವಳ ಮುಂದೆ ಕೂತು ಓದಿದೆ. ಒಂಟಿ ಹೆಂಗಸು ಹೊಳೆಯಲ್ಲಿ ನಿಂತಿದ್ದಾಳೆ. ಬೆನ್ನ ಹಿಂದೆ ಭೂತ ಗರ್ಜಿಸುತ್ತದೆ: 'ಎಲೌ ನಾರಿಯೇ, ನಿನ್ನ ಅಂತ್ಯಕಾಲ ಸಮೀಪಿಸಿತು!'

ಚಿಕ್ಕಿ ಕೆಮ್ಮು ಬರುವವರೆಗೆ ನಕ್ಕಳು.

"ಎಂತ ತಮಾ, ನಿನ್ನ ಭೂತ ಯಕ್ಷಗಾನದ ಮೇಳ ಬಿಟ್ಟು ಓಡ್ಬಂದದ್ಯಾ? ನಮ್ಮ ಹೊಳೆಯದ್ದು ಹಿಂಗೆಲ್ಲ ಮಾತಾಡೂದಿಲ್ಲ."

"ಮತ್ತೆ ಎಂತ ಹೇಳ್ತದೆ?"

ಅವಳು ಬಳಚಿನಿಂದ ಕಣ್ಣೆತ್ತಲಿಲ್ಲ. "'ಎಂತಾ, ಇಂದು ಒಬ್ಳೇ ಬಂದ್ಯೇ?' ಅಂತದೆ. ಅಷ್ಟೇ. ಅದ್ಕೇ ಹೊಳೆಲಿ ಯಾರಾದ್ರೂ ಹಿಂದಿಂದ ಕೇಳಿದ್ರೆ ಮೊದಲ್ನೇ ಸಲಕ್ಕೆ ನಾವು ಓ ಅನ್ನೂದಿಲ್ಲ. ಮನ್ಷ ಆದ್ರೆ ಎರಡ್ನೇ ಸಲ ಕೇಳ್ತಾನೆ."

ಸುಡುಬಿಸಿಲಲ್ಲಿ ನನ್ನ ಕೈಯ ರೋಮ ಎದ್ದು ನಿಂತಿತು. ಗರ್ಜನೆಯನ್ನು ಹೊಡೆದುಹಾಕಿ ಆ ಒಂದು ಸಾಲು ಬರೆದೆ.

ಮರುದಿನ ಹೊನ್ನಾವರದಲ್ಲಿ, ಪ್ರಕಾಶಕರ ಅಂಗಡಿ ಇನ್ನೂ ತೆರೆದಿರಲಿಲ್ಲ. ಬಾಗಿಲ ಮುಂದೆ ನಿಂತು ಅದೇ ಪುಟವನ್ನು ತಿದ್ದುತ್ತಿದ್ದೆ. ಹಿಂದಿನಿಂದ ಯಾರೋ ಕೇಳಿದರು.

"ಎಂತಾ, ಒಬ್ರೇ ಬಂದ್ರಾ?"

ನಾನು ಉಸಿರೆತ್ತಲಿಲ್ಲ. ತಿರುಗಲೂ ಇಲ್ಲ. ಕಾಗದಗಳು ಕೈಯಿಂದ ಜಾರಿ ಮೆಟ್ಟಿಲ ತುಂಬ ಹರಡಿದವು.

"ಏನ್ರೀ, ಕಿವಿ ಕೇಳೂದಿಲ್ವಾ?"

"ಅಬ್ಬಾ, ಮನುಷ್ಯರು!" ಎಂದೆ. ಬೀಗದಕೈ ಹಿಡಿದು ನಿಂತಿದ್ದವರು ಪ್ರಕಾಶಕರೇ. ಕಾಗದ ಹೆಕ್ಕಿಕೊಟ್ಟು, ಆ ಪುಟ ಓದಿ, ನನ್ನ ಮುಖವನ್ನು ಇನ್ನೊಮ್ಮೆ ನೋಡಿದರು. ಹೆದರಿದವನು ಬರೆದವನೇ ಆದರೂ ಷರತ್ತು ಷರತ್ತೇ ಎಂದರು. ಪುಸ್ತಕ ಅಚ್ಚಿಗೆ ಹೋಯಿತು.

ಅದನ್ನು ಓದುವಾಗ ನಿಮ್ಮ ಬೆನ್ನ ಹಿಂದೆ ಯಾರಾದರೂ 'ಎಂತ ಓದ್ತಿದ್ದೀ?' ಎಂದು ಪರಿಚಯದ ದನಿಯಲ್ಲೇ ಕೇಳಿದರೆ, ಸ್ವಲ್ಪ ತಾಳಿ. ಎರಡನೇ ಸಲ ಕೇಳಲಿ.